ಹುಟ್ಟಿದ್ದೋ, ಬಂದದ್ದೋ

ಮೊನ್ನೆ ಬೆಳಿಗ್ಗೆ ಹಳೆಯ ವಿದ್ಯಾರ್ಥಿಯೊಬ್ಬ ಬಾಗಿಲಲ್ಲಿ ನಿಂತು, "ಟೀಚರಮ್ಮ, ನಮ್ಮ ಸೈನ್ಸ್ ಮೇಷ್ಟ್ರು ಓಗ್ಬಿಟ್ರು. ಹಾರ್ಟಂತೆ" ಅಂದ. ನನ್ನ ಬಾಯಿಂದ ಥಟ್ಟನೆ ಬಂದ ಮಾತು, "ಹುಟ್ಟಿದ್ದೋ, ಬಂದದ್ದೋ?" ಎಂದು. ಅವನು ನನ್ನ ಮುಖವನ್ನೇ ನೋಡಿದ. ಮುದುಕಿಗೆ ಅರಳು ಮರಳು ಎಂದುಕೊಂಡಿರಬೇಕು. ಆ ಪ್ರಶ್ನೆ ನನ್ನದಲ್ಲಪ್ಪ, ಸತ್ತವರದೇ ಎಂದು ಅವನಿಗೆ ಹೇಗೆ ಹೇಳಲಿ? ಒಳಗೆ ಹೋಗಿ ಚಾಪೆಯ ಮೇಲೆ ಕೂತು ಅತ್ತೆ.

ನಾನು ಆಂಡರ್ಸನ್‌ಪೇಟೆಯ ಶಾಲೆಯಲ್ಲಿ ಕನ್ನಡ ಹೇಳಿಕೊಡುತ್ತಿದ್ದೆ, ಅವರು ವಿಜ್ಞಾನ. ಇಬ್ಬರ ಮನೆಯೂ ಬಂಗಾರಪೇಟೆಯ ಒಂದೇ ವಠಾರದಲ್ಲಿ. ನನ್ನ ಯಜಮಾನರು ರೈಲ್ವೆ ಗೂಡ್ಸ್ ಆಫೀಸಿನಲ್ಲಿದ್ದದ್ದರಿಂದ ನಾವು ಅಲ್ಲಿ, ಬಾಡಿಗೆ ಕಡಿಮೆ ಎಂದು ಅವರು ಅಲ್ಲಿ. ದಿನಾ ಬೆಳಿಗ್ಗೆ ಗಣಿ ಕೆಲಸಗಾರರು ತುಂಬಿದ ರೈಲುಗಾಡಿಯಲ್ಲಿ ಹೋಗಿ ಸಂಜೆ ಅದೇ ಗಾಡಿಯಲ್ಲಿ ಬರುತ್ತಿದ್ದೆವು. ಐವತ್ತರ ದಶಕದ ಕೊನೆ, ಅರವತ್ತರ ಮೊದಲು. ಆಗ ಅವರಿಗೆ ಮೂವತ್ತರ ಒಳಗೇ ಇರಬೇಕು. ಸಣಕಲು ಮೈ, ಉದ್ದ ಕುತ್ತಿಗೆ, ತಲೆಯ ಮೇಲೆ ಯಾವಾಗಲೂ ಒಂದು ಕರಿ ಟೋಪಿ.

ಹೆದರಿಕೆ ಅನ್ನುವುದು ಅವರ ಮನೆದೇವರು. ಗಾಡಿ ಬರುವ ಮೊದಲೇ ಗಾಡಿ ಹೋಗಿಬಿಟ್ಟಿತೇನೋ ಎಂದು ಓಡುವ ಜಾತಿ. ಬೀಗ ಹಾಕಿ ಎಳೆದು ನೋಡಿ, ಬೀದಿ ತಿರುವಿನಿಂದ ವಾಪಸು ಬಂದು ಇನ್ನೊಮ್ಮೆ ಎಳೆಯುವರು. ಬಿರುಬೇಸಗೆಯಲ್ಲೂ ಕಂಕುಳಲ್ಲಿ ಕೊಡೆ. ಗಾಡಿ ಊರಿಗಾಂ ದಾಟಿ, ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದ ಸಯನೈಡ್ ದಿಬ್ಬಗಳ ಪಕ್ಕ ಬಂದಾಗ ಗಾಳಿಗೆ ಬೂದು ಮರಳು ಏಳುತ್ತಿತ್ತು. ಉಳಿದವರು ಕಣ್ಣು ಮುಚ್ಚಿಕೊಂಡರೆ ಇವರು ಎರಡೂ ಕೈಯಲ್ಲಿ ಟೋಪಿ ಹಿಡಿದುಕೊಳ್ಳುತ್ತಿದ್ದರು. ನನ್ನ ಬಾಯಿ ಮೊದಲಿಂದಲೂ ಸ್ವಲ್ಪ ಜೋರು. "ಒಳಗೇನು ಮೇಷ್ಟ್ರೇ, ಗಣಿಯಿಂದ ತಂದ ಚಿನ್ನವಾ?" ಎಂದು ರೇಗಿಸುತ್ತಿದ್ದೆ. ಅವರು ನಗುತ್ತಿದ್ದರು, ಕೈ ಮಾತ್ರ ಟೋಪಿ ಬಿಡುತ್ತಿರಲಿಲ್ಲ. ಹುಡುಗರ ನಡುವೆ ಮೇಷ್ಟ್ರದು ಬೋಳುತಲೆ ಎಂದು ಗುಸುಗುಸು ಇತ್ತು.

ಇನ್ನೊಂದು ಖಯಾಲಿ, ಪ್ರಾಣಿಗಳನ್ನು ನಿಂತು ನೋಡುವುದು. ಬಂಗಾರಪೇಟೆ ಸ್ಟೇಷನ್ನಿನ ಮುಂದೆ ಒಬ್ಬ ಸಾಬರ ಜಟಕಾ ನಿಲ್ಲುತ್ತಿತ್ತು. ಕೆಂಚು ಬಣ್ಣದ ಹೆಣ್ಣು ಕುದುರೆ. ಅದರ ಹಣೆಯ ಮೇಲೆ ಉದ್ದಕ್ಕೆ ಒಂದು ಬಿಳಿ ಪಟ್ಟಿ. ಬೆನ್ನಿನ ಮೇಲೆ, ಜೀನು ಉಜ್ಜಿ ಹುಣ್ಣಾಗಿ ಮಾಯ್ದಿದ್ದ ಜಾಗದಲ್ಲಿ, ಅಲ್ಲೊಂದು ಇಲ್ಲೊಂದು ಬಿಳಿ ಕೂದಲ ಮಚ್ಚೆ. ಮೇಷ್ಟ್ರು ದಿನಾ ಅದರ ಹಣೆ ನೋಡುವರು, ಪಕ್ಕಕ್ಕೆ ಹೋಗಿ ಬೆನ್ನು ನೋಡುವರು, ಮತ್ತೆ ಹಣೆಗೆ ಬರುವರು.

"ಕ್ಯಾ ಮೇಷ್ಟ್ರೇ, ದಿನಾ ನನ್ ಕುದ್ರೆ ಮುಖ ನೋಡ್ತೀರಾ, ಹೆಣ್ಣು ನೋಡಾಕೆ ಬಂದೋರ ಹಂಗೆ! ದೃಷ್ಟಿ ತಾಕ್ತೈತೆ" ಎಂದು ಸಾಬರು ಒಮ್ಮೆ ಗದರಿಯೇಬಿಟ್ಟರು.

ಮೇಷ್ಟ್ರು ಅದಕ್ಕೆ, "ಹಣೆ ಮೇಲಿಂದು ಹುಟ್ಟಿದ್ದು, ಬೆನ್ನ ಮೇಲಿಂದು ಬಂದದ್ದು, ಅಲ್ವಾ ಸಾಬ್ರೇ?" ಎಂದರು. ಅಲ್ಲದೆ ಮತ್ತೇನು ಎಂದು ಸಾಬರು ನನ್ನ ಕಡೆ ನೋಡಿದರು.

ತರಗತಿಯಲ್ಲಿ ಪಾಠವೂ ಅದೇ. ನನ್ನ ಕ್ಲಾಸು ಪಕ್ಕದ್ದೇ ಆದ್ದರಿಂದ ತಡಿಕೆಯ ಆಚೆಯಿಂದ ಎಲ್ಲ ಕೇಳಿಸುತ್ತಿತ್ತು. ಬೇರೆ ಪಾಠಗಳನ್ನು ತಡವರಿಸುತ್ತ ಹೇಳುವ ಮನುಷ್ಯ ಇದೊಂದನ್ನು ಹೇಳುವಾಗ ದನಿ ಎತ್ತುತ್ತಿದ್ದರು. "ಮೈಯೊಳಗಿನ ಕಣದಲ್ಲಿ ಒಂದು ಬರಹ ಇರುತ್ತೆ ಕಣ್ರಪ್ಪಾ. ಆ ಬರಹ ತಾಯಿತಂದೆಯ ಬೀಜದಲ್ಲೇ ಬದಲಾಗಿ ಹೋಗಿದ್ರೆ ಆ ಬದಲಾವಣೆ ಮರಿಯ ಮೈಯೆಲ್ಲ ಇರುತ್ತೆ. ಅದರ ಬೀಜದಲ್ಲೂ ಇರುತ್ತೆ, ಮುಂದಿನ ಮರಿಗೂ ಹೋಗಬಹುದು. ಇದು ಹುಟ್ಟಿದ್ದು. ಆಮೇಲೆ ಮೈ ಬೆಳೆಯುವಾಗ ಎಲ್ಲೋ ಒಂದು ಕಡೆಯ ಕಣದಲ್ಲಿ ಬರಹ ಬದಲಾಗಿ ಹೋದ್ರೆ ಅದು ಆ ಜಾಗದಲ್ಲಷ್ಟೇ. ಬಿಳೀ ಕುರಿಯ ತುಪ್ಪಟದಲ್ಲಿ ಒಂದೇ ಒಂದು ಕಡೆ ಕರಿ ಉಣ್ಣೆ ನೋಡಿರ್ತೀರಲ್ಲ, ಹಾಗೆ. ಅದು ಆ ಕುರಿಯ ಜೊತೆಗೇ ಮುಗೀತು. ಇದು ಬಂದದ್ದು. ಇನ್ನು ಗಾಯ, ಹುಣ್ಣು, ಬರೆ, ಇವು ಬರಹಕ್ಕೆ ತಾಕೋದೇ ಇಲ್ಲ." ಕೊನೆಯ ಮಾತನ್ನು ಅವರು ತಮಗೇ ಹೇಳಿಕೊಂಡ ಹಾಗೆ ಇನ್ನೊಂದು ಸಲ ಹೇಳುತ್ತಿದ್ದರು.

ಸ್ಟಾಫ್ ರೂಮಿನಲ್ಲಿ ಇದು ತಮಾಷೆಯಾಯಿತು. ಯಾರಿಗಾದರೂ ನೆಗಡಿಯಾದರೆ, "ಹುಟ್ಟಿದ್ದೋ, ಬಂದದ್ದೋ?" ಹೆಡ್‌ಮೇಷ್ಟರ ಸಿಟ್ಟಿಗೂ ಅದೇ ಪ್ರಶ್ನೆ. ಅದು ಹುಟ್ಟಿದ್ದು ಎಂದು ಎಲ್ಲರೂ ಒಪ್ಪಿದ್ದರು.

ಒಂದು ಶನಿವಾರ ಮಕ್ಕಳನ್ನು ಚಾಂಪಿಯನ್ ರೀಫ್ಸ್ ಕಡೆ ಕರೆದುಕೊಂಡು ಹೋಗಿದ್ದೆವು. ಗಣಿಯವರ ಲೈನ್ ಮನೆಗಳ ಹಿಂದೆ ಒಬ್ಬ ಹೆಂಗಸು ಮೇಕೆ ಕಟ್ಟಿದ್ದಳು. ಕರಿ ಮೇಕೆಗಳು, ಹಲವಕ್ಕೆ ಹಣೆಯ ಮೇಲೆ ಬಿಳಿಯ ನಾಮ. ಮಕ್ಕಳು "ಅಯ್ಯಂಗಾರ್ ಮೇಕೆ" ಎಂದು ನಕ್ಕವು. ಮೇಷ್ಟ್ರು ತಮ್ಮ ಪ್ರಶ್ನೆ ಕೇಳಿದರು.

"ಪೊರಪ್ಪಿಲೇ ಸಾರ್, ಉಟ್ಟಿದ್ದೇ" ಅಂದಳು ಆಕೆ, ತಮಿಳು ಕನ್ನಡ ಕಲಸಿ. "ಇದ್ರ ಅಮ್ಮಾಗೂ ನಾಮ, ಅದ್ರ ಪಾಟ್ಟಿಗೂ ನಾಮ. ಯಾವ ಊರ್ ಹೋತ ತಂದ್ ಬುಟ್ರೂ ಅಷ್ಟೇ. ಪಾದಿ ಮರಿಗೆ ಬರುತ್ತೆ, ಪಾದಿಗೆ ಇಲ್ಲ."

"ಅರ್ಧಕ್ಕಾ?"

"ಅರ್ಧಕ್ಕೆ ಸಾರ್. ಸಾಮಿ ಕಾಸು ಚಿಮ್ಮ್ದಂಗೆ."

ಮೇಷ್ಟ್ರ ಮುಖ ಬಿಳುಚಿಕೊಂಡಿತು. ಬಿಸಿಲು ಹೊಡೆದಿರಬೇಕು ಎಂದು ನಾನು ನೀರು ಕುಡಿಸಿದೆ. ವಾಪಸು ಬರುವಾಗ ಗಾಳಿ ಇಲ್ಲದಿದ್ದರೂ ಗಾಡಿಯಲ್ಲಿ ಅವರು ಟೋಪಿ ಹಿಡಿದೇ ಕೂತಿದ್ದರು.

ಅವರ ಹೆಂಡತಿ ಆಗ ಬಸುರಿ ಎಂದು ನನಗೆ ಗೊತ್ತಾದದ್ದು ಅದೇ ವಾರ. ಬೇತಮಂಗಲದ ಕಡೆಯ ಹುಡುಗಿ, ಬಾವಿಯ ಹತ್ತಿರ ನಿಂತರೆ ವಠಾರವೆಲ್ಲ ನಗುವ ಹಾಗೆ ಮಾತಾಡುವವಳು. ತಾಯಿ ಇರಲಿಲ್ಲ. ತಂದೆ ನಾಲ್ಕು ಜನ ತಲೆಬಾಗುವ ಸಾಗುವಳಿದಾರ. ಮದುವೆ ವಯಸ್ಸಿಗೆ ಬಂದ ಇಬ್ಬರು ತಂಗಿಯರಿದ್ದರು. ನನಗೆ ಬಾಣಂತನ ಮಾಡೋಕೆ ಬೂದಿಕೋಟೆಯಿಂದ ಅತ್ತೆ ಬರ್ತಾರೆ ಎಂದು ಅವಳು ಖುಷಿಯಲ್ಲಿದ್ದಳು. ಮೇಷ್ಟ್ರು ಮಾತ್ರ ದಿನದಿನಕ್ಕೆ ಇಳಿದುಹೋದರು. ಸ್ಟೇಷನ್ನಿಗೆ ಇನ್ನೂ ಮುಂಚೆ ಓಡತೊಡಗಿದರು.

ಆಗಲೇ ಸಾಬರ ಕುದುರೆ ಮರಿ ಹಾಕಿತು. ಸಾಬರ ಮನೆಗೆ ನಾವಿಬ್ಬರೂ ಹೋದೆವು, ನಾನು ಸುಮ್ಮನೆ ಆಸೆಯಿಂದ, ಅವರು ಪರೀಕ್ಷೆಯ ಫಲಿತಾಂಶಕ್ಕೆ ಹೋಗುವವರ ಹಾಗೆ. ಮರಿ ನಡುಗುವ ಕಾಲಲ್ಲಿ ನಿಂತಿತ್ತು. ಹಣೆಯ ಮೇಲೆ ತಾಯಿಯದೇ ಬಿಳಿ ಪಟ್ಟಿ. ಬೆನ್ನು ಮಾತ್ರ ಕೆಂಚಗೆ ನುಣ್ಣಗೆ, ಒಂದು ಚುಕ್ಕೆಯೂ ಇಲ್ಲ. "ಹುಟ್ಟಿದ್ದು ಮರಿಗೆ ಹೋಯ್ತು, ಬಂದದ್ದು ಹೋಗಲಿಲ್ಲ" ಎಂದರು ಮೇಷ್ಟ್ರು. ಅವರಿಗೆ ಅದು ಸಮಾಧಾನವೋ ಗಾಬರಿಯೋ ನನಗೆ ತಿಳಿಯಲಿಲ್ಲ.

ಮಾರನೆಯ ದಿನ ಸಂಜೆ ವಠಾರದ ಹಿತ್ತಿಲಲ್ಲಿ ಅವರ ಹೆಂಡತಿ ಇಲ್ಲದ ಹೊತ್ತು ನೋಡಿ ನನ್ನನ್ನು ಕರೆದರು. ಕೈಯಲ್ಲಿ ಕ್ಷೌರದ ಕನ್ನಡಿ. "ಟೀಚರಮ್ಮ, ತಪ್ಪು ತಿಳಿಯಬಾರದು. ನನ್ನ ಅಕ್ಕ ಅಂದುಕೊಂಡು ಕೇಳ್ತೀನಿ" ಎಂದು ಟೋಪಿ ತೆಗೆದರು.

ಬೋಳುತಲೆಯಲ್ಲ. ದಟ್ಟ ಕರಿ ಕೂದಲು. ಹಣೆಯ ನಡುಮಧ್ಯದಿಂದ ಹಿಂದಕ್ಕೆ ಮಾತ್ರ ಒಂದು ಗೊಂಚಲು ಹಾಲಿನ ಹಾಗೆ ಬೆಳ್ಳಗೆ. ಅದರ ಬುಡದಲ್ಲಿ ಹಣೆಯ ಚರ್ಮವೂ ಒಂದಿಷ್ಟು ಬೆಳ್ಳಗೆ.

"ಚಿಕ್ಕಂದಿನಲ್ಲಿ ನನಗೆ ಬಾಲಗ್ರಹ ಆಗಿತ್ತಂತೆ. ಅವ್ವ ಬಳೆಚೂರು ಕಾಯಿಸಿ ಬರೆ ಹಾಕಿದ್ರು, ಅದಕ್ಕೇ ಅಲ್ಲಿ ಬಿಳಿ ಕೂದಲು ಬಂತು ಅಂತಾರೆ. ಹೆಣ್ಣು ಕೊಟ್ಟ ಮಾವನಿಗೂ ಹಾಗೇ ಹೇಳಿದ್ದು. ಕುದುರೆ ಬೆನ್ನಿನ ಹಾಗೆ. ಆದ್ರೆ ನನ್ನ ತಲೆ ನನಗೇ ಸರಿಯಾಗಿ ಕಾಣಲ್ಲ. ಬರೆ ಎಷ್ಟು ದೊಡ್ಡದಿದೆ, ನೋಡಿ ಹೇಳಿ."

ಮೇಷ್ಟ್ರು ಅಂಬೆಗಾಲಿಡುವ ಮೊದಲೇ ಅವರ ತಂದೆ ಸತ್ತಿದ್ದರು. ಅಪ್ಪನ ತಲೆ ಹೇಗಿತ್ತು ಎಂದು ಕೇಳಿದರೆ ತಾಯಿ ಮಾತು ಬದಲಾಯಿಸುತ್ತಿದ್ದರಂತೆ. ನಾನು ಬೆರಳಲ್ಲಿ ಕೂದಲು ಸರಿಸಿ ನೋಡಿದೆ. ಬರೆ ಇತ್ತು. ಒಂದು ತೊಗರಿಕಾಳಿನಷ್ಟು. ಬಿಳುಪು ವೀಳ್ಯದೆಲೆಯಷ್ಟು.

"ಚಿಕ್ಕದು ಮೇಷ್ಟ್ರೇ" ಎಂದೆ. ಸುಳ್ಳು ಹೇಳಬೇಕಿತ್ತೇನೋ, ಬಾಯಿಗೆ ಬರಲಿಲ್ಲ.

ಅವರು ಕನ್ನಡಿ ಒರೆಸತೊಡಗಿದರು. "ಹಾಗಾದ್ರೆ ಬರೆಯಿಂದ ಆದದ್ದಲ್ಲ. ಕುರಿಯ ಕರಿ ಉಣ್ಣೆಯ ಹಾಗೆ ನನ್ನ ಮೈಯಲ್ಲಿ ಆ ಒಂದು ಜಾಗದಲ್ಲಷ್ಟೇ ಆಗಿರಬಹುದು, ಅಲ್ವಾ? ಅದೂ ಬಂದದ್ದೇ, ಮಗುವಿಗೆ ಹೋಗಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ಮಗುವಿಗೆ ಬಂತು ಅಂದ್ರೆ ಊರಿನವರು ತೊನ್ನು ಅಂತಾರೆ ಟೀಚರಮ್ಮ. ನನ್ನವಳ ತಂಗಿಯರನ್ನ ಯಾರೂ ಕೇಳಲ್ಲ. ಮಾವ ನನ್ನ ಮುಖಕ್ಕೆ ಉಗೀತಾರೆ. ಆ ಮಗು ನನ್ನ ಹಾಗೆ ಜನ್ಮವೆಲ್ಲ ತಲೆ ಮುಚ್ಚಿಕೊಂಡು ತಿರುಗಬೇಕು" ಎಂದರು. ಅವತ್ತಿನಿಂದ ಟೋಪಿಯ ತಮಾಷೆ ನಿಲ್ಲಿಸಿದೆ.

ಬೂದಿಕೋಟೆಯಿಂದ ಮೇಷ್ಟ್ರ ತಾಯಿ ಬಂದರು. ಕಪ್ಪಗೆ ಗಟ್ಟಿಮುಟ್ಟು ಹೆಂಗಸು, ಕೆಲಸದಲ್ಲಿ ರಾಕ್ಷಸಿ, ಸೊಸೆಯನ್ನು ನೆಲದ ಮೇಲೆ ನಡೆಯಗೊಡದಷ್ಟು ಅಕ್ಕರೆ. ಮೇಷ್ಟ್ರ ಹಾಗೆಯೇ ಆಕೆಗೂ ನಿದ್ದೆಯಿಲ್ಲ. ಬಸುರಿಯ ಹೊಟ್ಟೆ ನೋಡಿ ಬಾಯಲ್ಲಿ ಏನೋ ಮಣಮಣ ಅನ್ನುವುದನ್ನು ನಾನು ನೋಡಿದ್ದೆ. ಇಬ್ಬರೂ ಒಂದೇ ವಿಷಯಕ್ಕೆ ಹೆದರುತ್ತಿದ್ದರು, ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ.

ಒಂದು ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು. ಸೂಲಗಿತ್ತಿ ಹೊರಗೆ ಬಂದು ಹೇಳುವ ಹೊತ್ತಿಗೆ ಅಜ್ಜಿ ಮಗುವಿನ ತಲೆಗೆ ಕುಲಾವಿ ಕಟ್ಟಿಬಿಟ್ಟಿದ್ದರು. ಸೆಕೆಗೆ ಮಗು ಕಿರಿಚಿದರೂ ತೆಗೆಯಲಿಲ್ಲ. "ಸೀತ ಆಯ್ತದೆ" ಎನ್ನುವರು. ಅಪ್ಪನಿಗೆ ಟೋಪಿ, ಮಗಳಿಗೆ ಕುಲಾವಿ. ಮೇಷ್ಟ್ರು ತೊಟ್ಟಿಲ ಹತ್ತಿರ ಬಂದು ನಿಲ್ಲುವರು, ಕೈ ಮುಂದೆ ಮಾಡುವರು, ಕುಲಾವಿ ಸರಿಸುವ ಧೈರ್ಯ ಬಾರದೆ ಹೊರಗೆ ಹೋಗುವರು.

ನಾಮಕರಣದ ಹಿಂದಿನ ದಿನ ಭಾನುವಾರ. ಬಾಣಂತಿಯನ್ನು ಸೂಲಗಿತ್ತಿ ಬಚ್ಚಲಿಗೆ ಕರೆದುಕೊಂಡು ಹೋಗಿದ್ದಳು. ನಾನು ಬಾಣಂತಿಗೆಂದು ಮೆಣಸಿನ ಸಾರು ತೆಗೆದುಕೊಂಡು ಕೋಣೆಗೆ ಹೋದೆ. ತೊಟ್ಟಿಲ ಪಕ್ಕ ಅಗ್ಗಿಷ್ಟಿಕೆ ಇತ್ತು. ಬಾಣಂತಿ ಕೋಣೆಯಲ್ಲಿ ಅದು ಇದ್ದೇ ಇರುತ್ತದೆ, ಸಾಂಬ್ರಾಣಿಗೆ. ಅಜ್ಜಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದರು. ಕುಲಾವಿ ಬಿಚ್ಚಿತ್ತು. ಆ ಪುಟ್ಟ ಹಣೆಯ ಮೇಲೆ, ಎಳೆ ಕರಿ ಕೂದಲ ನಡುವೆ, ಅದೇ ಬಿಳಿ ಗೊಂಚಲು. ನೋಡಿ ನನಗೆ ಒಂದು ಕ್ಷಣ ಚಂದವೆನ್ನಿಸಿತು, ಸುಳ್ಳು ಹೇಳಲಾರೆ. ಆಮೇಲೆ ಅಜ್ಜಿಯ ಕೈಯ ಇಕ್ಕಳ ಕಾಣಿಸಿತು. ಇಕ್ಕಳದ ಬಾಯಲ್ಲಿ ಕೆಂಡದಷ್ಟು ಕೆಂಪಾದ ಒಂದು ಬಳೆಚೂರು.

"ಮೇಷ್ಟ್ರೇ!" ಎಂದು ಕಿರಿಚಿದೆ. ಸಾರು ನೆಲಕ್ಕೆ ಬಿತ್ತು.

ಹಿತ್ತಿಲಲ್ಲಿದ್ದ ಮನುಷ್ಯ ಹೇಗೆ ಅಷ್ಟು ಬೇಗ ಬಂದರೋ ಗೊತ್ತಿಲ್ಲ. ಗಾಡಿಗೆ ಓಡಿ ಓಡಿ ಆದ ಅಭ್ಯಾಸ ಒಂದು ದಿನ ಉಪಯೋಗಕ್ಕೆ ಬಂತು. ಬಳೆಚೂರು ಮಗುವಿನ ಹಣೆಯ ಹತ್ತಿರ ಬಂದಿತ್ತು. ಅವರು ಇಕ್ಕಳ ಹಿಡಿಯಲು ಹೋದವರು ಚೂರನ್ನೇ ಮುಷ್ಟಿಯಲ್ಲಿ ಹಿಡಿದುಬಿಟ್ಟರು. ಚುರ್ರ್ ಎಂದ ಸದ್ದು ನನಗೆ ಇವತ್ತೂ ಕಿವಿಯಲ್ಲಿದೆ.

"ಬುಡ್ಲಾ, ಕೈ ಬುಡ್ಲಾ!" ಎಂದು ಅಜ್ಜಿ ಬೊಬ್ಬೆ ಹಾಕಿದರು. "ನಾಳೀಕೆ ಬೀಗ್ರು ಬತ್ತಾರೆ. ಬಾಲಗ್ರಹ ಬಂದಿತ್ತು, ಬರೆ ಆಕ್ದೋ ಅಂದ್ರೆ ಯಾರೂ ಏನೂ ಅನ್ನಾಕಿಲ್ಲ. ಒಂದು ಗಳಿಗೆ ನೋವು, ಜಲ್ಮಕ್ಕೆಲ್ಲ ಮಾನ. ನಿಂಗೂ ಇಂಗೇ ಮಾಡಿ ಸಾಕ್ಕೊಂಡಿವ್ನಿ."

ಮೇಷ್ಟ್ರು ಸುಟ್ಟ ಕೈಯನ್ನು ಎದೆಗೊತ್ತಿಕೊಂಡು ನಿಂತಿದ್ದರು. "ಅವ್ವಾ, ಬರೆ ಆಕೋಕೆ ಮುಂಚೇನೇ ನನ್ ಕೂದ್ಲು ಬೆಳ್ಳಗಿತ್ತಾ?"

ಅಜ್ಜಿ ಮಗುವನ್ನು ಅಪ್ಪಿಕೊಂಡು ಅಳತೊಡಗಿದರು. "ಇತ್ತು ಕಣಪ್ಪ. ನಿಮ್ಮಪ್ಪಂಗೂ ಇತ್ತು. ತೊನ್ನ ಅಂತ ಕರೀತಿದ್ರು, ಬಾವಿ ತಾವ ಓದ್ರೆ ಕೊಡ ಎತ್ಕೊಂಡು ದೂರ ಓಗೋರು. ನೀನು ಅಂಗೇ ಉಟ್ಟಿದ್ ನೋಡಿ ನನ್ನೆದೆ ಒಡ್ದೋಯ್ತು. ಬರೆ ಆಕಿ, ಬರೆಯಿಂದ ಬಂತು ಅಂತ ಊರಿಗೆಲ್ಲ ಯೋಳ್ದೆ. ನಂಬಿದ್ರು. ನಿಂಗೆ ಎಣ್ಣು ಕೊಟ್ರು. ಇವ್ಳು ಎಣ್ಮಗ ಕಣ್ಲಾ, ಇವ್ಳಿಗ್ಯಾರು ದಿಕ್ಕು?"

ನನಗೆ ಆಕೆಯ ಮೇಲೆ ಬಂದಿದ್ದ ಸಿಟ್ಟು ಎಲ್ಲಿ ಹೋಯಿತೋ. ಹಸುಗೂಸನ್ನು ಸುಡಲು ಕೂತಿದ್ದ ಹೆಂಗಸಿನ ಕಣ್ಣೀರು ಅದೇ ಹಸುಗೂಸಿನ ಕೆನ್ನೆಯ ಮೇಲೆ ಬೀಳುತ್ತಿತ್ತು.

"ಹುಟ್ಟಿದ್ದು" ಎಂದರು ಮೇಷ್ಟ್ರು ಮೆಲ್ಲಗೆ. ಅಷ್ಟು ವರ್ಷ ಕುದುರೆಯನ್ನು ಮೇಕೆಯನ್ನು ಕೇಳಿ ಸಿಗದ ಉತ್ತರ ತಾಯಿಯ ಬಾಯಿಂದ ಸಿಕ್ಕಿತ್ತು. ಎಡಗೈಯಲ್ಲಿ ಟೋಪಿ ತೆಗೆದು ಅಗ್ಗಿಷ್ಟಿಕೆಗೆ ಹಾಕಿದರು. ಕರಿ ಬಟ್ಟೆ ಕಮಟು ವಾಸನೆ ಬಿಟ್ಟು ಹೊತ್ತಿಕೊಂಡಿತು. ಬಚ್ಚಲಿನಿಂದ ಬಾಣಂತಿಯ ಕೆಮ್ಮು ಕೇಳಿಸಿತು. "ಇಲ್ಲಿ ನಡೆದದ್ದು ನಮ್ಮ ಮೂವರಲ್ಲೇ ಇರಲಿ ಟೀಚರಮ್ಮ. ಅವ್ವನ ಹೆಸರು ಎಲ್ಲೂ ಬರಬಾರದು" ಎಂದು ಕೈ ಮುಗಿಯಲು ಹೋದರು. ಸುಟ್ಟ ಕೈ ಮಡಚಲಿಲ್ಲ.

ನಾಮಕರಣಕ್ಕೆ ಮಾವ ತಮ್ಮ ಕಡೆಯ ನಾಲ್ಕಾರು ಜನರೊಂದಿಗೆ ಬಂದರು, ಮೊಮ್ಮಗಳಿಗೆ ಬೆಳ್ಳಿ ಉಡಿದಾರ ತಂದಿದ್ದರು. ಮೇಷ್ಟ್ರು ಬರಿತಲೆಯಲ್ಲಿ ಮಗುವನ್ನು ಎತ್ತಿಕೊಂಡು ಹೊರಗೆ ಬಂದರು. ಮಗುವಿಗೂ ಕುಲಾವಿ ಇರಲಿಲ್ಲ. ಎಲೆ ಹಾಕುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವರ ಕಾಲು ನಡುಗುವುದು ನನಗೆ ಕಾಣುತ್ತಿತ್ತು, ಕುದುರೆ ಮರಿಯ ಹಾಗೆ.

"ಮಾವ, ಮದುವೆಯಲ್ಲಿ ಇದನ್ನ ಬರೆಯಿಂದ ಬಂದದ್ದು ಅಂತ ಹೇಳಿದ್ರು. ಅಲ್ಲ. ಹುಟ್ಟಿದ್ದು. ನಮ್ಮಪ್ಪನಿಂದ ನನಗೆ, ನನ್ನಿಂದ ಇವಳಿಗೆ. ರೋಗ ಅಲ್ಲ, ಅಂಟಲ್ಲ, ಹರಡಲ್ಲ. ಹೋಗೋದೂ ಇಲ್ಲ."

ಮಾವ ಮಗುವಿನ ಹಣೆ ನೋಡಿದರು, ಅಳಿಯನ ಹಣೆ ನೋಡಿದರು. "ತಿಳಿದೂ ತಿಳಿದೂ ನನ್ ಮಗಳ್ನ ತಂದ್ಕೊಂಡ್ರಾ?"

"ನನಗೆ ನಿನ್ನೆಯವರೆಗೂ ಗೊತ್ತಿರಲಿಲ್ಲ."

"ನಿಮ್ಮವ್ವಂಗೆ?"

ಅಜ್ಜಿ ಬಾಗಿಲ ಹಿಂದೆ ಸೆರಗು ಬಾಯಿಗಿಟ್ಟುಕೊಂಡಿದ್ದರು. "ಅವ್ವ ಬರೆ ಹಾಕಿದ್ದಂತೂ ನಿಜ" ಎಂದರು ಮೇಷ್ಟ್ರು.

"ಕೈಗೇನಾಯ್ತು?"

"ಒಲೆ ಮುಂದೆ ಜ್ಞಾನ ಇರಲಿಲ್ಲ."

ಮಾವ ಉಡಿದಾರವನ್ನು ತಟ್ಟೆಯಲ್ಲಿಟ್ಟು ಊಟ ಮಾಡದೆ ಎದ್ದು ಹೋದರು. ಅವರ ಜನವೂ ಹೋಯಿತು. ಎಲೆ ಹಾಕಿದ್ದ ಪಂಕ್ತಿ ಹಾಗೇ ಉಳಿಯಿತು. ಆಗ ಬಾಣಂತಿ ಒಳಗಿಂದ ಬಂದಳು, ತಟ್ಟೆಯಿಂದ ಉಡಿದಾರ ಎತ್ತಿಕೊಂಡು ತಾನೇ ಮಗುವಿನ ಸೊಂಟಕ್ಕೆ ಕಟ್ಟಿದಳು. ಆಮೇಲೆ ಗಂಡನ ತಲೆ ನೋಡಿ, "ಕೂದ್ಲಾದ್ರೂ ಬಾಚ್ಕೋಬಾರ್ದಾ, ಬಂದೋರ ಮುಂದೆ ಇಂಗಾ ನಿಲ್ಲೋದು?" ಎಂದಳು. ಅಳುತ್ತಲೇ ಅಂದಳು. ಆ ಎಲೆಗಳ ಮುಂದೆ ಆಮೇಲೆ ನಮ್ಮ ವಠಾರದವರೇ ಕೂತು ಉಂಡೆವು.

ಹೆದರಿದ ಹಾಗೆಯೇ ಆಯಿತು. ತಂಗಿಯರ ಮದುವೆ ಮಾತು ಎರಡು ಕಡೆ ಮುರಿಯಿತು. ಈ ಹೆದರುಪುಕ್ಕಲು ಮನುಷ್ಯ ಬರಿತಲೆಯಲ್ಲಿ, ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗಂಡಿನವರ ಮನೆಮನೆಗೆ ಹೋದರು. "ಇದು ನನ್ನ ಕಡೆಯದು. ನನ್ನ ಹೆಂಡತಿಯ ತಂಗಿಗೂ ಇದಕ್ಕೂ ಏನು ಸಂಬಂಧ?" ಎಂದು ಚಾಂಪಿಯನ್ ರೀಫ್ಸಿನ ಮೇಕೆಯ ಕತೆಯಿಂದ ಶುರು ಮಾಡಿ ಕುದುರೆಯ ತನಕ ಹೇಳುವರು. ಕೆಲವರು ನೀರು ಕೊಟ್ಟರು, ಕೆಲವರು ಕೊಡಲಿಲ್ಲ. ಕೊನೆಗೆ ತಡವಾಗಿಯಾದರೂ ಇಬ್ಬರ ಮದುವೆಯೂ ಆಯಿತು. ಮಾವ ಮಾತಾಡಿಸಿದ್ದು ಅದಾದ ಮೇಲೆಯೇ.

ಅಜ್ಜಿ ಆ ಮೊಮ್ಮಗಳ ತಲೆಗೆ ಹರಳೆಣ್ಣೆ ಒತ್ತಿ ಬಾಚುವುದನ್ನು ಸಾಯುವತನಕ ಬೇರೆಯವರಿಗೆ ಬಿಡಲಿಲ್ಲ. ಮೇಷ್ಟ್ರ ಉಳಿದ ಹೆದರಿಕೆಗಳೆಲ್ಲ ಹಾಗೇ ಉಳಿದವು. ರಿಟೈರಾದ ಮೇಲೂ ಬೀಗ ಎಳೆದು ನೋಡಲು ಬೀದಿ ತಿರುವಿನಿಂದ ವಾಪಸು ಬರುತ್ತಿದ್ದರು.

ಮೊನ್ನೆ ಹೋದಾಗ ಅವರನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ತಲೆಯೆಲ್ಲ ಬೆಳ್ಳಗಾಗಿಹೋಗಿದೆ. ಆ ಗೊಂಚಲು ಎಲ್ಲಿತ್ತೆಂದು ಹುಡುಕಿದೆ, ಗುರುತು ಸಿಗಲಿಲ್ಲ. ಮಗಳು ಪಕ್ಕದಲ್ಲಿ ಕೂತು ಅಪ್ಪನ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅವಳ ಹಣೆಯ ಮೇಲಿನ ಬಿಳಿ ಗೊಂಚಲು ಎಣ್ಣೆ ಕಾಣದೆ ಕೆದರಿತ್ತು. ಅದರ ಬುಡದಲ್ಲಿ ಚರ್ಮ ನುಣ್ಣಗೆ, ಒಂದು ಗೀರೂ ಇಲ್ಲ.

"ಟೀಚರಮ್ಮ, ಅಪ್ಪನ ಅಂಗೈಯಲ್ಲಿ ಈ ಕಲೆ ಇದೆಯಲ್ಲ, ಕೇಳಿದಾಗೆಲ್ಲ ಒಲೆ ಸುಟ್ಟಿದ್ದು ಅಂತ ತೇಲಿಸಿಬಿಡ್ತಿದ್ರು. ನಿಮಗೆ ಗೊತ್ತಾ, ಇದು ಹುಟ್ಟಿದ್ದೋ, ಬಂದದ್ದೋ?"

ಗುಟ್ಟು ಕಾಯ್ದ ಮೂವರಲ್ಲಿ ಇನ್ನು ನಾನೊಬ್ಬಳೇ ಉಳಿದಿದ್ದೆ. ಅವಳ ಕೆದರಿದ ಕೂದಲನ್ನು ಹಿಂದಕ್ಕೆ ಸರಿಸಿದೆ.

"ಬಂದದ್ದು ಕಣಮ್ಮ" ಎಂದೆ. "ನಿನ್ನ ಹಣೆಗೆ ಬರ್ತಿತ್ತು. ಅವರು ಕೈ ಒಡ್ಡಿದ್ರು."